ಸೋಮವಾರದ ಬೂದಿ, ಬುಧವಾರದ ಬೂದಿ

2025ನೇ ಇಸವಿಯ ಪಂಚಾಂಗವನ್ನೂ ಕ್ಯಾಲೆಂಡರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸ್ವಾರಸ್ಯದ ಸಂಗತಿ ಕಾಣುತ್ತದೆ. ಫೆಬ್ರುವರಿ 26ರಂದು ಮಹಾಶಿವರಾತ್ರಿ. ಮಾರ್ಚ್ 2ರಂದು ರಂಜಾನ್ ಉಪವಾಸದ ಮೊದಲ ದಿನ. ಮರುದಿನ, 3ನೇ ತಾರೀಖು, ಸಿರಿಯನ್ ಕ್ರೈಸ್ತರ ದೊಡ್ಡ ನೋಂಬಿನ ಮೊದಲ ಸೋಮವಾರ. 5ರಂದು ಲ್ಯಾಟಿನ್ ಪದ್ಧತಿಯ ಕ್ಯಾಥೋಲಿಕರ ವಿಭೂತಿ ಬುಧವಾರ. ಎಂಟು ದಿನಗಳ ಅಂತರದಲ್ಲಿ ನಾಲ್ಕು ಬಗೆಯ ಉಪವಾಸ. ತುಂಗೆ ಮತ್ತು ಭದ್ರೆಯರ ನಡುವಿನ ಮಲೆನಾಡಿನಲ್ಲಿ, ಅಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ, ಈ ನಾಲ್ಕನ್ನೂ ಆಚರಿಸುವ ಮನೆಗಳಿವೆ. ಒಂದೇ ಪೇಟೆಯಲ್ಲಿ, ಕೆಲವೊಮ್ಮೆ ಒಂದೇ ಬೀದಿಯಲ್ಲಿ.

ಶಿವರಾತ್ರಿಯ ಜಾಗರಣೆ, ಏಕಾದಶಿಯ ನಿರಾಹಾರ, ರಂಜಾನಿನ ರೋಜಾ ಇವುಗಳ ನಿಯಮ ನೆರೆಹೊರೆಯವರಿಗೆ ಸ್ಥೂಲವಾಗಿಯಾದರೂ ಗೊತ್ತು. ಕ್ರೈಸ್ತರ ಉಪವಾಸದ ವಿಷಯ ಹಾಗಲ್ಲ. 'ಮೀನು ತಿನ್ನುತ್ತಾರಂತೆ, ಅದೆಂಥ ಉಪವಾಸ?' ಎಂದು ಕೇಳುವವರಿದ್ದಾರೆ. 'ಐವತ್ತು ದಿನ ಹಾಲನ್ನೂ ಮುಟ್ಟುವುದಿಲ್ಲವಂತೆ' ಎಂದು ಅಚ್ಚರಿಪಡುವವರೂ ಇದ್ದಾರೆ. ಎರಡು ಮಾತೂ ನಿಜ. ಆದರೆ ಅವು ಬೇರೆ ಬೇರೆ ಮನೆಗಳಿಗೆ ಸೇರಿದ ಮಾತುಗಳು. ಮಲೆನಾಡಿನ ಕ್ರೈಸ್ತರು ಒಂದೇ ದಾರಿಯಲ್ಲಿ ಇಲ್ಲಿಗೆ ಬಂದವರಲ್ಲ. ಪ್ರತಿಯೊಂದು ಗುಂಪೂ ತನ್ನ ಉಪವಾಸವನ್ನು ಬುತ್ತಿಯಂತೆ ಕಟ್ಟಿಕೊಂಡೇ ಬಂದಿತು.

ನೋಂಪಿಯ ನಾಡು

ಈ ಮೂರು ತಾಲ್ಲೂಕುಗಳ ನೆಲಕ್ಕೆ ವ್ರತ ಹೊಸದೇನಲ್ಲ. ಶೃಂಗೇರಿಯ ತುಂಗಾ ತೀರದಲ್ಲಿ ಶಾರದಾಪೀಠವಿದೆ. ಅಲ್ಲಿಯ ಸ್ನಾನಘಟ್ಟದ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿನಲ್ಲಿ ವೀರಶೈವರ ರಂಭಾಪುರಿ ಪೀಠವಿದೆ. ನರಸಿಂಹರಾಜಪುರದ ಪಕ್ಕದಲ್ಲಿಯೇ ಇರುವ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿ ಇದ್ದು, ಅದು ಜೈನರ ಯಾತ್ರಾಸ್ಥಳ. ಎಡೇಹಳ್ಳಿ ಎಂದು ಕರೆಸಿಕೊಳ್ಳುತ್ತಿದ್ದ ಈ ಊರಿಗೆ 1915ರಲ್ಲಿ ಮೈಸೂರಿನ ಯುವರಾಜ ನರಸಿಂಹರಾಜ ಒಡೆಯರ ಹೆಸರು ಬಂತು.

ಜೈನರು ವ್ರತಕ್ಕೆ ಬಳಸುವ ಹಳೆಯ ಕನ್ನಡದ ಮಾತು 'ನೋಂಪಿ'. ನೋನ್ ಎಂಬ ಧಾತುವಿಗೆ ವ್ರತವನ್ನು ಕೈಗೊಳ್ಳು ಎಂಬ ಅರ್ಥ. ಇದೇ ಬೇರಿನಿಂದ ತಮಿಳಿನ 'ನೋನ್ಬು', ಮಲೆಯಾಳದ 'ನೋಂಬು' ಹುಟ್ಟಿವೆ. ಕೇರಳದಿಂದ ಬಂದ ಸಿರಿಯನ್ ಕ್ರೈಸ್ತರು ತಮ್ಮ ಉಪವಾಸ ಕಾಲವನ್ನು ಕರೆಯುವುದು ನೋಂಬು ಎಂದೇ. ಬಸದಿಯ ನೋಂಪಿ, ಇಗರ್ಜಿಯ ನೋಂಬು ಎರಡೂ ಒಂದೇ ಮಾತಿನ ಎರಡು ರೂಪಗಳು. ಕನ್ನಡದ ಕ್ಯಾಥೋಲಿಕರು ತಮ್ಮ ಉಪವಾಸ ಕಾಲಕ್ಕೆ 'ತಪಸ್ಸುಕಾಲ' ಎಂದೂ, ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ಅದರ ಮೊದಲ ದಿನಕ್ಕೆ 'ವಿಭೂತಿ ಬುಧವಾರ' ಎಂದೂ ಹೆಸರಿಟ್ಟುಕೊಂಡಿದ್ದಾರೆ. ಹೊಸ ಧರ್ಮ ನೆಲೆಗೊಳ್ಳುವಾಗ ನೆಲದ ಮಾತನ್ನು ಎರವಲು ಪಡೆಯುವುದು ಸಹಜ. ಉಪವಾಸದ ವಿಷಯದಲ್ಲಿ ಕನ್ನಡದಲ್ಲಿ ಹಾಗೆ ಪಡೆಯಲು ಬೇಕಾದಷ್ಟಿತ್ತು.

ಮಾತನ್ನಷ್ಟೇ ಅಲ್ಲದೆ ಊಟದ ಕ್ರಮವನ್ನೂ ಎರವಲು ಪಡೆದವರಿದ್ದರು. 1649ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದ ಇಟಲಿಯ ಜೆಸ್ವಿತ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ, ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿ ತೋರಿಸಿದ ದಾರಿಯನ್ನು ಹಿಡಿದರು. ಸಂನ್ಯಾಸಿಯ ಉಡುಪು, ಮಾಂಸ ಮದ್ಯಗಳಿಲ್ಲದ ಊಟ. ತಪಸ್ಸುಕಾಲವೆಂದರೆ ಮಾಂಸ ಬಿಡುವ ಕಾಲ ಎಂದು ಯೂರೋಪಿನಲ್ಲಿ ಕಲಿತು ಬಂದವರಿಗೆ ಇಲ್ಲಿ ವರ್ಷವಿಡೀ ಮಾಂಸ ಮುಟ್ಟದ ಜನ ಎದುರಾದರು. ಮಾಂಸವನ್ನೇ ತಿನ್ನದವನು ಉಪವಾಸದ ದಿನ ಏನನ್ನು ಬಿಡಬೇಕು? ಈ ಪ್ರಶ್ನೆಗೆ ಚರ್ಚಿನ ಕಾನೂನು ಉತ್ತರ ಹೇಳಲು ಮೂರು ಶತಮಾನಗಳಿಗಿಂತ ಹೆಚ್ಚು ಕಾಲ ಹಿಡಿಯಿತು.

ಘಟ್ಟ ಹತ್ತಿದ ದಾರಿ

ಕೊಪ್ಪದ ಸೀಮೆಯಲ್ಲಿ ಮೊದಲಿಗೆ ಕಾಣುವ ಕ್ರೈಸ್ತರಲ್ಲಿ ಕೊಂಕಣಿ ಮಾತಿನ ಕ್ಯಾಥೋಲಿಕರು ಮುಖ್ಯರು. ಗೋವೆಯಿಂದ ದಕ್ಷಿಣಕ್ಕೆ ಸರಿದ ಈ ಕುಟುಂಬಗಳು ಕೆಳದಿ ಅರಸರ ಕಾಲದಲ್ಲಿ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ಒಕ್ಕಲಾಗಿ ನೆಲೆ ನಿಂತವು. ಹೈದರಾಲಿ 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಕರಾವಳಿ ಮೈಸೂರಿನ ಆಳ್ವಿಕೆಗೆ ಬಂತು. ಎರಡನೆಯ ಮೈಸೂರು ಯುದ್ಧದ ಕೊನೆಯಲ್ಲಿ, ಇವರು ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನ ಆಜ್ಞೆಯಂತೆ ಸಾವಿರಾರು ಜನರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಇದು 1784ರ ಫೆಬ್ರುವರಿ ಕೊನೆಯ ವಾರದಲ್ಲಿ ಶುರುವಾಯಿತು. ಆ ದಿನ ಬೂದಿಯ ಬುಧವಾರವಾಗಿತ್ತೆಂದು ಸಮುದಾಯದ ನೆನಪು ಹೇಳುತ್ತದೆ. ಬಿಟ್ಟು ಹೋದ ಮನೆ, ಹಿಡಿದ ದಾರಿ, ದಾರಿಯಲ್ಲಿ ಸತ್ತವರು, ಇವೆಲ್ಲ ತಪಸ್ಸುಕಾಲದ ಮೊದಲ ದಿನದೊಂದಿಗೆ ತಳಕು ಹಾಕಿಕೊಂಡವು. ಮಂಗಳೂರು ಕಡೆಯ ಕ್ಯಾಥೋಲಿಕರಿಗೆ ಆ ಬುಧವಾರ ವೈಯಕ್ತಿಕ ಪಶ್ಚಾತ್ತಾಪದ ದಿನವಷ್ಟೇ ಆಗದೆ ಇತಿಹಾಸದ ದಿನವೂ ಆಗಿರುವುದಕ್ಕೆ ಇದು ಕಾರಣ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಉಳಿದವರಲ್ಲಿ ಹಲವರು ಕರಾವಳಿಗೆ ಮರಳಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಕಡೂರು ಜಿಲ್ಲೆಯ (ಇಂದಿನ ಚಿಕ್ಕಮಗಳೂರು ಜಿಲ್ಲೆ) ಬೆಟ್ಟಗಳಲ್ಲಿ ಕಾಫಿ ತೋಟಗಳು ಹಬ್ಬಿದಾಗ ಅವರ ಮಕ್ಕಳು ಮೊಮ್ಮಕ್ಕಳು ಮತ್ತೆ ಘಟ್ಟ ಹತ್ತಿದರು. ಈ ಸಲ ರೈಟರುಗಳಾಗಿ, ಮೇಸ್ತ್ರಿಗಳಾಗಿ, ಕೂಲಿಗಳಾಗಿ, ಕೆಲವರು ತೋಟದ ಒಡೆಯರಾಗಿ. ಅವರ ಜೊತೆಗೆ ಕರಾವಳಿಯ ಒಣಮೀನೂ ಘಟ್ಟ ಹತ್ತಿತು. ಬಯಲುಸೀಮೆಯಿಂದ, ತಮಿಳುನಾಡಿನಿಂದ ತೋಟದ ಕೆಲಸಕ್ಕೆ ಬಂದವರಲ್ಲಿಯೂ ಕ್ರೈಸ್ತರಿದ್ದರು. ಮೊದಲು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದ ಈ ಭಾಗ 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ಅದರ ವ್ಯಾಪ್ತಿಗೆ ಬಂತು.

ಕೊಂಕಣಿ ಮನೆಗಳ ಮಾತಿನಲ್ಲಿ ತಪಸ್ಸುಕಾಲಕ್ಕೆ 'ಕರೆಜ್ಮ್' ಎನ್ನುತ್ತಾರೆ. ಪೋರ್ಚುಗೀಸಿನ 'ಕ್ವರೆಜ್ಮಾ', ಅಂದರೆ ನಲವತ್ತನೆಯದು ಎಂಬ ಮಾತಿನಿಂದ ಬಂದದ್ದು ಇದು. ಅದಕ್ಕೆ ಮುಂಚಿನ ಮೂರು ದಿನಗಳು 'ಇಂತ್ರುಜ್'. ಉಪವಾಸ ಶುರುವಾಗುವ ಮೊದಲು ಹೊಟ್ಟೆತುಂಬ ಉಂಡು ನಲಿಯುವ ದಿನಗಳು.

ತೆಂಕಣ ದಾರಿ

ನರಸಿಂಹರಾಜಪುರದ ಕಡೆಗೆ ಬಂದರೆ ಚಿತ್ರ ಬೇರೆ. ಇಲ್ಲಿನ ಕ್ರೈಸ್ತರಲ್ಲಿ ಮಲೆಯಾಳ ಮಾತನಾಡುವ ಸಿರಿಯನ್ ಕ್ರೈಸ್ತರು ಎದ್ದು ಕಾಣುತ್ತಾರೆ. ತಿರುವಾಂಕೂರಿನಲ್ಲಿ ಜನಸಂಖ್ಯೆ ಹೆಚ್ಚಿ ಜಮೀನು ಸಾಲದಾದಾಗ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾದ ಅಕ್ಕಿ ನಿಂತು ಅನ್ನಕ್ಕೆ ತತ್ವಾರವಾದಾಗ, ಅಲ್ಲಿಯ ರೈತರು ಉತ್ತರಕ್ಕೆ ಮಲಬಾರಿನ ಕಾಡುಗಳತ್ತ ಹೊರಟರು. ಮುಂದಿನ ದಶಕಗಳಲ್ಲಿ ಅದೇ ವಲಸೆ ಕರ್ನಾಟಕದ ಮಲೆನಾಡಿಗೂ ಚಾಚಿತು. ಜಮೀನು ಕೊಂಡು ರಬ್ಬರು, ಮೆಣಸು, ಶುಂಠಿ, ಮರಗೆಣಸು ಬೆಳೆದರು. ಇವರ ಸಲುವಾಗಿಯೇ 1953ರಲ್ಲಿ ತಲಶ್ಶೇರಿ, 1973ರಲ್ಲಿ ಮಾನಂತವಾಡಿ, 2007ರಲ್ಲಿ ಭದ್ರಾವತಿ ಹೀಗೆ ಒಂದರಿಂದ ಒಂದು ಸೀರೋ ಮಲಬಾರ್ ಕ್ಯಾಥೋಲಿಕ ಧರ್ಮಪ್ರಾಂತ್ಯಗಳು ಹುಟ್ಟಿದವು. ಈ ಜನರಲ್ಲಿ ರೋಮಿನ ಪೋಪರನ್ನು ಒಪ್ಪುವ ಸೀರೋ ಮಲಬಾರ್ ಕ್ಯಾಥೋಲಿಕರಿದ್ದಾರೆ. ಅಂತಿಯೋಕಿಯದ ಪಿತೃಪ್ರಧಾನರನ್ನು ಒಪ್ಪುವ ಯಾಕೋಬಾಯರಿದ್ದಾರೆ. ಕೇರಳದಲ್ಲಿಯೇ ತಮ್ಮ ಪೀಠವಿರುವ ಆರ್ಥೊಡಾಕ್ಸ್ ಸಿರಿಯನ್ನರೂ ಇದ್ದಾರೆ. ಹೊರಗಿನವರಿಗೆ ಎಲ್ಲವೂ ಒಂದೇ ಥರದ ಇಗರ್ಜಿ. ಒಳಗಿನವರಿಗೆ ಮೊದಲ ವ್ಯತ್ಯಾಸ ಕಾಣುವುದು ಉಪವಾಸದ ಮೊದಲ ದಿನದಲ್ಲಿ.

ನಲವತ್ತೋ ಐವತ್ತೋ?

ಯೇಸು ಅಡವಿಯಲ್ಲಿ ನಲವತ್ತು ದಿನ ಉಪವಾಸವಿದ್ದರೆಂಬುದು ಸುವಾರ್ತೆಯ ಕಥೆ. ಎಲ್ಲ ಪಂಗಡಗಳ ಲೆಕ್ಕಕ್ಕೂ ಮೂಲ ಇದೇ. ಆದರೆ ಎಣಿಸುವ ಕ್ರಮ ಬೇರೆ. ಲ್ಯಾಟಿನ್ ಪದ್ಧತಿಯಲ್ಲಿ ವಿಭೂತಿ ಬುಧವಾರದಿಂದ ಪಾಸ್ಕದ ಹಿಂದಿನ ಶನಿವಾರದವರೆಗೆ 46 ದಿನಗಳಿವೆ. ಭಾನುವಾರ ಪುನರುತ್ಥಾನದ ನೆನಪಿನ ದಿನವಾದ್ದರಿಂದ ಅಂದು ಉಪವಾಸವಿಲ್ಲ. ನಡುವಿನ ಆರು ಭಾನುವಾರಗಳನ್ನು ಕಳೆದರೆ ಉಳಿಯುವುದು ಸರಿಯಾಗಿ 40.

ಸಿರಿಯನ್ನರ ದೊಡ್ಡ ನೋಂಬು ಅದಕ್ಕೂ ಎರಡು ದಿನ ಮೊದಲು, ಸೋಮವಾರವೇ ಶುರು. ಅದರ ಹಿಂದಿನ ಭಾನುವಾರಕ್ಕೆ 'ಪೇತುರ್ತ' ಎಂಬ ಸಿರಿಯಾಕ್ ಹೆಸರು. ಅಂದಿನ ರಾತ್ರಿಯ ಊಟದೊಂದಿಗೆ ಮಾಂಸ ಮೀನಿನ ಪಾತ್ರೆಗಳನ್ನು ತೊಳೆದಿಡುತ್ತಾರೆ. ಆ ಭಾನುವಾರದಿಂದ ಪಾಸ್ಕದ ಭಾನುವಾರದವರೆಗೆ ಎರಡನ್ನೂ ಸೇರಿಸಿ ಎಣಿಸಿದರೆ 50. ಆದ್ದರಿಂದ ಅದು 'ಐವತ್ತು ನೋಂಬು'. ಸೋಮವಾರದಿಂದ ನಲವತ್ತನೆಯ ದಿನ ಗರಿಗಳ ಭಾನುವಾರಕ್ಕೆ ಮುಂಚಿನ ಶುಕ್ರವಾರ ಬರುತ್ತದೆ. ಅದು 'ನಲವತ್ತನೆಯ ಶುಕ್ರವಾರ'. ಯೇಸುವಿನ ನಲವತ್ತು ದಿನಗಳ ಉಪವಾಸ ಅಲ್ಲಿಗೆ ಮುಗಿಯಿತು. ಮುಂದಿನ ವಾರ ಅವರ ಯಾತನೆಯ ನೆನಪಿನದು.

ಸೀರೋ ಮಲಬಾರ್ ಕ್ಯಾಥೋಲಿಕರು ಹಣೆಗೆ ಬೂದಿ ಧರಿಸುವುದು ಆ ಮೊದಲ ಸೋಮವಾರ. ಅದನ್ನು ಅವರು 'ವಿಭೂತಿ' ಎಂಬ ಹೆಸರಿನಿಂದಲೇ ಕರೆಯುತ್ತಾರೆ. ಹೀಗಾಗಿ ಸೋಮವಾರ ಬೂದಿ ಹಚ್ಚಿಕೊಂಡವನೊಬ್ಬ, ಬುಧವಾರ ಬೂದಿ ಹಚ್ಚಿಕೊಂಡವನೊಬ್ಬ, ಇಬ್ಬರೂ ಒಬ್ಬನೇ ಪೋಪರ ಕ್ಯಾಥೋಲಿಕರು. ಯಾಕೋಬಾಯ ಮತ್ತು ಆರ್ಥೊಡಾಕ್ಸ್ ಇಗರ್ಜಿಗಳಲ್ಲಿ ಬೂದಿಯ ಪದ್ಧತಿ ಇಲ್ಲ. ಅಲ್ಲಿ ಮೊದಲ ಸೋಮವಾರ ನಡೆಯುವುದು 'ಶುಬ್ಕೋನೊ', ಅಂದರೆ ಪರಸ್ಪರ ಕ್ಷಮೆಯ ವಿಧಿ. ಪಾದ್ರಿ ಜನರ ಮುಂದೆ, ಜನ ಪಾದ್ರಿಯ ಮುಂದೆ, ಆಮೇಲೆ ಜನ ಒಬ್ಬರಿಗೊಬ್ಬರು ಕ್ಷಮೆ ಕೇಳುತ್ತಾರೆ. ಜಗಳವನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೊಟ್ಟೆಯನ್ನು ಖಾಲಿ ಬಿಟ್ಟರೆ ಪ್ರಯೋಜನವಿಲ್ಲ ಎಂಬುದು ಇದರ ಹಿಂದಿನ ತಿಳಿವಳಿಕೆ.

ಅಡಿಗೆಮನೆಯ ವ್ಯಾಕರಣ

ಕ್ರೈಸ್ತ ಉಪವಾಸದ ಬಗ್ಗೆ ಇರುವ ಗೊಂದಲಕ್ಕೆ ಬಹುಮಟ್ಟಿಗೆ ಕಾರಣ, ಎರಡು ಬೇರೆ ನಿಯಮಗಳನ್ನು ಒಂದೇ ಎಂದುಕೊಳ್ಳುವುದು. ಒಂದು, ಎಷ್ಟು ಸಲ ಉಣ್ಣಬೇಕು ಎಂಬುದು. ಇನ್ನೊಂದು, ಏನನ್ನು ಉಣ್ಣಬಾರದು ಎಂಬುದು. ಮೊದಲನೆಯದು ಉಪವಾಸ, ಎರಡನೆಯದು ವರ್ಜನೆ.

ಲ್ಯಾಟಿನ್ ಪದ್ಧತಿಯ ಉಪವಾಸವೆಂದರೆ ದಿನಕ್ಕೊಂದು ಪೂರ್ಣ ಊಟ. ಉಳಿದೆರಡು ಹೊತ್ತು ಬೇಕಾದರೆ ಅಲ್ಪ ಆಹಾರ. ಕನ್ನಡದ ಮನೆಗಳಲ್ಲಿ ಸೋಮವಾರವೋ ಶನಿವಾರವೋ ಮಾಡುವ 'ಒಪ್ಪೊತ್ತು' ಇದಕ್ಕೆ ಬಹಳ ಹತ್ತಿರ. ನೀರೂ ಮುಟ್ಟದ ಏಕಾದಶಿಗೂ, ಸೂರ್ಯಾಸ್ತದವರೆಗೆ ಉಗುಳನ್ನೂ ಜಾಗ್ರತೆಯಿಂದ ನೋಡಿಕೊಳ್ಳುವ ರೋಜಾಕ್ಕೂ ಇದನ್ನು ಹೋಲಿಸಿ 'ಸುಲಭದ್ದು' ಎನ್ನುವುದುಂಟು. ಒಂದೆರಡು ದಿನದ ಮಟ್ಟಿಗೆ ಆ ಮಾತು ಸರಿ. ಆದರೆ ಹಿಂದೆ ತಪಸ್ಸುಕಾಲದ ಎಲ್ಲ ವಾರದ ದಿನಗಳಿಗೂ ಇದು ಅನ್ವಯಿಸುತ್ತಿತ್ತು ಎಂಬುದನ್ನು ಮರೆಯಬಾರದು.

ವರ್ಜನೆಯ ದಿನ ಲ್ಯಾಟಿನ್ ಪದ್ಧತಿಯವರು ಬಿಡುವುದು ಕುರಿ, ಕೋಳಿ, ಹಂದಿ ಮುಂತಾದ ಮಾಂಸವನ್ನು. ಮೀನಿಗೆ ನಿಷೇಧವಿಲ್ಲ. ಹಾಗಾಗಿ ಶುಕ್ರವಾರದ ಊಟಕ್ಕೆ ಕರಾವಳಿಯ ಒಣಮೀನು, ಹೊಳೆಯ ಮೀನು, ಭದ್ರಾ ಅಣೆಕಟ್ಟಿನ ಹಿನ್ನೀರಿನ ಮೀನು ನಡೆಯುತ್ತದೆ. ಸಿರಿಯನ್ ಸಂಪ್ರದಾಯದ ಕಟ್ಟುನಿಟ್ಟಿನ ಮನೆಯಲ್ಲಿ ಇದು ಸಾಧ್ಯವಿಲ್ಲ. ಅಲ್ಲಿ ಮಾಂಸ, ಮೀನು, ಮೊಟ್ಟೆಯ ಜೊತೆಗೆ ಹಾಲು, ಮೊಸರು, ತುಪ್ಪವೂ ಐವತ್ತು ದಿನ ವರ್ಜ್ಯ. ಭಾನುವಾರವೂ ಮಾಂಸಕ್ಕೆ ಬಿಡುವಿಲ್ಲ. ಮಧ್ಯಾಹ್ನದ ಪ್ರಾರ್ಥನೆಯಲ್ಲಿ ನಲವತ್ತು ಬಾರಿ ನೆಲಕ್ಕೆ ಹಣೆ ಮುಟ್ಟಿಸಿ ನಮಸ್ಕರಿಸಿ, ಅನಂತರವೇ ಉಣ್ಣುವವರಿದ್ದಾರೆ. ಯಾಕೋಬಾಯರಿಗೂ ಆರ್ಥೊಡಾಕ್ಸರಿಗೂ ಇದೊಂದೇ ನೋಂಬಲ್ಲ. ನಿನೆವೆಯ ಜನರ ಪಶ್ಚಾತ್ತಾಪದ ನೆನಪಿನ ಮೂರು ದಿನ, ಜೂನ್ ತಿಂಗಳ ಪ್ರೇಷಿತರ ಹದಿಮೂರು ದಿನ, ಆಗಸ್ಟಿನ ಮೊದಲ ಹದಿನೈದು ದಿನ, ಕ್ರಿಸ್ಮಸ್ಸಿಗೆ ಮುಂಚಿನ ಇಪ್ಪತ್ತೈದು ದಿನ ಎಲ್ಲ ಕೂಡಿಸಿದರೆ ವರ್ಷಕ್ಕೆ ನೂರು ದಿನ ದಾಟುತ್ತದೆ. ಇದರ ಮೇಲೆ ಬುಧವಾರ, ಶುಕ್ರವಾರಗಳ ವ್ರತ ಬೇರೆ.

ಮಲೆನಾಡಿನ ಹವೆ ಈ ನೋಂಬಿಗೆ ಅನುಕೂಲವಾಗಿಯೇ ಇದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹಲಸಿನ ಎಳೆಯ ಗುಜ್ಜೆ, ಬಾಳೆಕಾಯಿ, ಮಾವಿನ ಮಿಡಿ ಸಿಗುವ ಕಾಲ. ಮರಗೆಣಸು ಬೇಯಿಸಿ ಹಸಿಮೆಣಸಿನ ಚಟ್ನಿಯೊಂದಿಗೆ ತಿಂದರೆ ಒಂದು ಹೊತ್ತು ಕಳೆಯಿತು. ಹಾಲಿನ ಬದಲು ತೆಂಗಿನಹಾಲು. ಶುಭ ಶುಕ್ರವಾರ ಕೇರಳ ಮೂಲದ ಇಗರ್ಜಿಗಳಲ್ಲಿ ಪ್ರಾರ್ಥನೆ ಮುಗಿದ ಮೇಲೆ ಬಂದವರಿಗೆಲ್ಲ ಗಂಜಿ ಮತ್ತು ಬೇಯಿಸಿದ ಹೆಸರುಕಾಳು ಬಡಿಸುವ ವಾಡಿಕೆಯಿದೆ. ಅದಕ್ಕೂ ಮುಂಚೆ ಹಾಗಲಕಾಯಿಯ ಕಹಿ ರಸ. ಶಿಲುಬೆಯ ಮೇಲೆ ಯೇಸುವಿಗೆ ಕೊಟ್ಟ ಹುಳಿ ಪಾನೀಯದ ನೆನಪಿಗೆ. ಕೊಂಕಣಿ ಮನೆಗಳಲ್ಲಿಯೂ ಅಂದು ಗಂಜಿ, ಉಪ್ಪಿನಕಾಯಿಯೇ ಹೆಚ್ಚು. ಎರಡು ಪಂಗಡಗಳ ದಾರಿ ಎಷ್ಟೇ ಬೇರೆಯಾಗಿದ್ದರೂ ಶುಭ ಶುಕ್ರವಾರದ ಗಂಜಿಯಲ್ಲಿ ಒಂದಾಗುತ್ತದೆ.

ಅದರ ಹಿಂದಿನ ದಿನ ಸಿರಿಯನ್ ಮನೆಗಳಲ್ಲಿ 'ಪೆಸಹ'. ಹುಳಿ ಹಿಡಿಸದ ಅಕ್ಕಿ ಉದ್ದಿನ ಹಿಟ್ಟಿನ ಅಪ್ಪವನ್ನು ಗರಿಯ ಶಿಲುಬೆಯಿಟ್ಟು ಬೇಯಿಸುತ್ತಾರೆ. ಪ್ರಾರ್ಥನೆಯಾದ ಮೇಲೆ ಮನೆಯ ಹಿರಿಯ ಅದನ್ನು ಕತ್ತರಿಸಿ, ಬೆಲ್ಲ ತೆಂಗಿನಹಾಲು ಕೂಡಿಸಿದ ಪಾನಕದೊಂದಿಗೆ ವಯಸ್ಸಿನ ಕ್ರಮದಲ್ಲಿ ಹಂಚುತ್ತಾನೆ. ಆ ವರ್ಷ ಸಾವಾದ ಮನೆಯಲ್ಲಿ ಅಪ್ಪ ಮಾಡುವುದಿಲ್ಲ. ಅಂಥ ಮನೆಗೆ ನೆರೆಯವರು ತಂದುಕೊಡುತ್ತಾರೆ.

ಯಾರಿಗೆ ಕಡ್ಡಾಯ, ಯಾರಿಗೆ ವಿನಾಯಿತಿ?

ಉಪವಾಸದ ಕಾನೂನು ಕಾಲದಿಂದ ಕಾಲಕ್ಕೆ ಸಡಿಲವಾಗುತ್ತ ಬಂದಿದೆ. 1917ರ ಲ್ಯಾಟಿನ್ ಧರ್ಮಸಂಹಿತೆಯ ಪ್ರಕಾರ ಏಳು ವರ್ಷ ತುಂಬಿದವರಿಗೆ ವರ್ಜನೆ, ಇಪ್ಪತ್ತೊಂದು ತುಂಬಿದವರಿಂದ ಅರವತ್ತರ ಹೊಸ್ತಿಲಿನವರೆಗೆ ಉಪವಾಸ ಕಡ್ಡಾಯ. ಎರಡನೆಯ ವ್ಯಾಟಿಕನ್ ಮಹಾಸಭೆ ಮುಗಿದ ಮರುವರ್ಷ, 1966ರ ಫೆಬ್ರುವರಿ 17ರಂದು ಆರನೆಯ ಪೌಲರು ಹೊಸ ಆದೇಶ ಹೊರಡಿಸಿದರು. ಕಡ್ಡಾಯ ಉಪವಾಸ ಎರಡೇ ದಿನಕ್ಕೆ ಇಳಿಯಿತು: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಪೂರ್ವದ ಪದ್ಧತಿಯವರಿಗೆ ಬುಧವಾರದ ಬದಲು ಅವರ ದೊಡ್ಡ ನೋಂಬಿನ ಮೊದಲ ದಿನ. ಸೋಮವಾರದ ಬೂದಿಗೂ ಬುಧವಾರದ ಬೂದಿಗೂ ರೋಮ್ ಹೀಗೆ ಒಂದೇ ವಾಕ್ಯದಲ್ಲಿ ಮನ್ನಣೆ ಕೊಟ್ಟಿತು.

ಈಗ ಚಾಲ್ತಿಯಲ್ಲಿರುವ 1983ರ ಲ್ಯಾಟಿನ್ ಸಂಹಿತೆಯಂತೆ ಹದಿನಾಲ್ಕು ತುಂಬಿದವರು ವರ್ಜನೆಯನ್ನೂ, ಹದಿನೆಂಟು ತುಂಬಿದವರು ಐವತ್ತೊಂಬತ್ತು ತುಂಬುವವರೆಗೆ ಉಪವಾಸವನ್ನೂ ಪಾಲಿಸಬೇಕು. ವರ್ಷದ ಶುಕ್ರವಾರಗಳಲ್ಲಿ ಮಾಂಸವನ್ನು, ಇಲ್ಲವೆ ಆಯಾ ದೇಶದ ಬಿಷಪರ ಮಂಡಳಿ ಗೊತ್ತುಪಡಿಸಿದ ಬೇರೊಂದು ಆಹಾರವನ್ನು ಬಿಡಬಹುದು. ಮಂಡಳಿ ಅದಕ್ಕೆ ಬದಲಾಗಿ ದಾನವನ್ನೋ ಪ್ರಾರ್ಥನೆಯನ್ನೋ ಸೂಚಿಸಬಹುದು. ಮಾಂಸ ತಿನ್ನದವನು ಏನನ್ನು ಬಿಡಬೇಕು ಎಂದು ಚಿನ್ನಮಿಯವರ ಕಾಲದಲ್ಲಿ ಎದ್ದ ಪ್ರಶ್ನೆಗೆ ಸಿಕ್ಕ ಉತ್ತರ ಇದು. ಪೂರ್ವದ ಕ್ಯಾಥೋಲಿಕ ಸಭೆಗಳಿಗೆ 1990ರಲ್ಲಿ ಪ್ರತ್ಯೇಕ ಸಂಹಿತೆ ಬಂತು; ಉಪವಾಸದ ವಿವರವನ್ನು ಅದು ಆಯಾ ಸಭೆಯ ಸ್ವಂತ ನಿಯಮಕ್ಕೆ ಬಿಟ್ಟಿದೆ.

ಇನ್ನೊಂದು ಉಪವಾಸವೂ ಇದೆ. ಪರಮಪ್ರಸಾದ ಸ್ವೀಕರಿಸುವ ಮುಂಚಿನದು. ಹಳೆಯ ನಿಯಮದಂತೆ ಹಿಂದಿನ ಮಧ್ಯರಾತ್ರಿಯಿಂದ ಒಂದು ಗುಟುಕು ನೀರೂ ಕುಡಿಯುವಂತಿರಲಿಲ್ಲ. ಪಟ್ಟಣದಲ್ಲಿ ಮನೆಯ ಪಕ್ಕ ಇಗರ್ಜಿಯಿದ್ದವರಿಗೆ ಇದು ದೊಡ್ಡದಲ್ಲ. ಆದರೆ ತೋಟದ ಲೈನಿನಿಂದ ಗುಡ್ಡ ಇಳಿದು, ಹಳ್ಳ ದಾಟಿ, ಮೈಲುಗಟ್ಟಲೆ ನಡೆದು ಬರುವವರಿಗೆ, ಕೈಗೂಸು ಇರುವ ತಾಯಂದಿರಿಗೆ ಅದರ ಭಾರ ಎಷ್ಟಿದ್ದೀತೆಂದು ಊಹಿಸಬಹುದು. ನಿಯಮ ಎಲ್ಲರಿಗೂ ಒಂದೇ. ದಾರಿ ಎಲ್ಲರಿಗೂ ಒಂದೇ ಅಲ್ಲ. 1953ರಲ್ಲಿ ಹನ್ನೆರಡನೆಯ ಪಯಸ್ಸರು ನೀರಿನಿಂದ ಉಪವಾಸ ಮುರಿಯುವುದಿಲ್ಲವೆಂದರು. 1957ರಲ್ಲಿ ಅನ್ನಾಹಾರಕ್ಕೆ ಮೂರು ಗಂಟೆಯ ಗಡುವು ಸಾಕೆಂದರು. 1964ರಲ್ಲಿ ಆರನೆಯ ಪೌಲರು ಅದನ್ನು ಒಂದೇ ಗಂಟೆಗೆ ಇಳಿಸಿದರು. ಈಗ ಮುದುಕರಿಗೆ, ರೋಗಿಗಳಿಗೆ, ಅವರ ಆರೈಕೆ ಮಾಡುವವರಿಗೆ ಆ ಒಂದು ಗಂಟೆಯ ಕಟ್ಟೂ ಇಲ್ಲ.

ಮೈಮುರಿದು ದುಡಿಯುವವನಿಗೆ ಉಪವಾಸದ ಕಡ್ಡಾಯವಿಲ್ಲ ಎಂಬುದು ಚರ್ಚಿನ ನೀತಿಶಾಸ್ತ್ರದಲ್ಲಿ ಬಹು ಹಿಂದಿನಿಂದ ಬಂದ ಮಾತು. ರೋಗಿಗಳು, ಬಸುರಿಯರು, ಬಾಣಂತಿಯರು, ಹಾಲೂಡಿಸುವ ತಾಯಂದಿರು ಇವರಿಗೂ ವಿನಾಯಿತಿ ಉಂಟು. ಸಿರಿಯನ್ ಸಭೆಗಳಲ್ಲಿಯೂ ಕಾಯಿಲೆಯವರು ಪಾದ್ರಿಯನ್ನು ಕೇಳಿ ಸಡಿಲಿಸಿಕೊಳ್ಳುವ ಕ್ರಮವಿದೆ. ಕಷ್ಟವೆಂದರೆ, ವಿನಾಯಿತಿ ಇರುವವರೇ ಅದನ್ನು ಬಳಸಿಕೊಳ್ಳಲು ಹಿಂಜರಿಯುತ್ತಾರೆ. ಐವತ್ತು ವರ್ಷ ನೋಂಬು ಹಿಡಿದ ಅಜ್ಜಿಗೆ ಸಕ್ಕರೆ ಕಾಯಿಲೆ ಬಂದಿದೆಯೆಂದು ಊಟ ಬಿಡಬೇಡವೆಂದರೆ ಕೇಳುವುದಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹೊತ್ತಿನ ಊಟ ತಪ್ಪಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅಂಥವರು ಊಟದ ಹೊತ್ತನ್ನು ಬಿಡದೆ, ವೈದ್ಯರನ್ನು ಕೇಳಿ, ಇಷ್ಟದ ತಿನಿಸೊಂದನ್ನು ಬಿಟ್ಟರೆ ವ್ರತವೂ ಉಳಿಯುತ್ತದೆ, ಆರೋಗ್ಯವೂ ಉಳಿಯುತ್ತದೆ. ಚರ್ಚಿನ ನಿಯಮವೂ ಇದಕ್ಕಿಂತ ಬೇರೆ ಹೇಳುವುದಿಲ್ಲ.

ಪ್ರಾಟೆಸ್ಟಂಟ್ ಸಭೆಗಳ ದಾರಿ ಇನ್ನೊಂದು. 1522ರ ತಪಸ್ಸುಕಾಲದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೆಲವರು ಬೇಕೆಂದೇ ಮಾಂಸದ ಸಾಸೇಜು ತಿಂದರು. ಜ್ವಿಂಗ್ಲಿ ಎಂಬ ಸುಧಾರಕ ಅವರ ಪರ ನಿಂತು, ಉಪವಾಸ ಮನುಷ್ಯನ ಸ್ವಇಚ್ಛೆಗೆ ಸೇರಿದ್ದು, ಕಾನೂನಿನಿಂದ ಹೇರುವಂಥದ್ದಲ್ಲ ಎಂದು ಬೋಧಿಸಿದ. ಅದೇ ದೇಶದ ಬಾಸೆಲಿನಿಂದ 1834ರಲ್ಲಿ ಮಂಗಳೂರಿಗೆ ಮಿಷನರಿಗಳು ಬಂದರು. ಅವರ ಪರಂಪರೆಯ ಸಭೆಗಳಲ್ಲಿ ಇಂದಿಗೂ ಉಪವಾಸಕ್ಕೆ ಒತ್ತಾಯವಿಲ್ಲ. ಆದರೆ ಶುಭ ಶುಕ್ರವಾರ ಉಪವಾಸವಿದ್ದು ಆರಾಧನೆಗೆ ಬರುವವರಿಗೆ ಕೊರತೆಯೂ ಇಲ್ಲ.

ಸೆಪ್ಟೆಂಬರಿನ ಎಂಟನೆಯ ದಿನ

ತಪಸ್ಸುಕಾಲದಲ್ಲಿ ಎರಡು ದಿನದ ಅಂತರದಲ್ಲಿ ಹೊರಡುವ ಈ ಎರಡು ಸಂಪ್ರದಾಯಗಳು ವರ್ಷದಲ್ಲಿ ಒಂದು ದಿನ ಮುಖಾಮುಖಿಯಾಗುತ್ತವೆ. ಅದು ಸೆಪ್ಟೆಂಬರ್ 8, ಮೇರಿಮಾತೆಯ ಹುಟ್ಟುಹಬ್ಬ. ಸಿರಿಯನ್ನರು, ಅದರಲ್ಲಿಯೂ ಹೆಂಗಸರು, ಸೆಪ್ಟೆಂಬರ್ 1ರಿಂದ 'ಎಂಟು ನೋಂಬು' ಹಿಡಿದು ಅಂದು ಮುಗಿಸುತ್ತಾರೆ. ಕೇರಳದ ಮಣರ್ಕಾಡಿನ ಯಾಕೋಬಾಯ ಇಗರ್ಜಿ ಇದಕ್ಕೆ ಹೆಸರಾದದ್ದು. ಕೊಂಕಣಿ ಕ್ಯಾಥೋಲಿಕರಿಗೆ ಅದೇ ದಿನ 'ಮೊಂತಿ ಫೆಸ್ತ್', ತೆನೆಹಬ್ಬ. ಒಂಬತ್ತು ದಿನ ಮಕ್ಕಳು ಮೇರಿಯಮ್ಮನ ಮುಂದೆ ಹೂ ಅರ್ಪಿಸಿ, ಕೊನೆಯ ದಿನ ಮಂತ್ರಿಸಿದ ತೆನೆಯನ್ನು ಮನೆಗೆ ತಂದು ಹೊಸ ಅಕ್ಕಿಯನ್ನು ಹಾಲು ಅಥವಾ ಪಾಯಸದಲ್ಲಿ ಬೆರೆಸಿ ಹಂಚುತ್ತಾರೆ. ಅಂದಿನ ಊಟ ಬಾಳೆಲೆಯ ಮೇಲೆ, ತರಕಾರಿ ಪದಾರ್ಥಗಳು ಬೆಸಸಂಖ್ಯೆಯಲ್ಲಿ, ಮೀನು ಮಾಂಸವಿಲ್ಲ. ಯಾವ ಕಾನೂನೂ ಇದನ್ನು ವಿಧಿಸಿಲ್ಲ. ಹೊಸ ಅಕ್ಕಿಯ ದಿನ ಸಸ್ಯಾಹಾರ ಎಂಬುದು ಈ ನೆಲದ ಒಕ್ಕಲಿನ ಹಳೆಯ ಮರ್ಯಾದೆ; ಧರ್ಮ ಬದಲಾದರೂ ಅದು ಬದಲಾಗಲಿಲ್ಲ. ಒಬ್ಬರ ವ್ರತ ಮುಗಿಯುವ ದಿನ ಇನ್ನೊಬ್ಬರ ಎಲೆಯಲ್ಲಿಯೂ ಮಾಂಸವಿರುವುದಿಲ್ಲ.

ಉಳಿತಾಯ ಯಾರಿಗೆ?

1966ರ ನಂತರ ಎರಡು ದಿನಕ್ಕೆ ಇಳಿದ ಉಪವಾಸ ಕ್ರಮೇಣ ಪೂರ್ತಿ ಮಾಯವಾದೀತೇ ಎಂಬ ಆತಂಕ ಹಿರಿಯರಲ್ಲಿದೆ. ಇನ್ನೊಂದು ಕಡೆ, ಮಾಂಸದ ಬದಲಿಗೆ ಅದಕ್ಕಿಂತ ದುಬಾರಿಯಾದ ಅಂಜಲ್ ಮೀನನ್ನು ತಂದು ನಿಯಮ ಪಾಲಿಸಿದೆನೆಂದು ನೆಮ್ಮದಿಯಾಗಿರುವವರೂ ಇದ್ದಾರೆ. ಈ ಎರಡಕ್ಕೂ ಬೈಬಲಿನಲ್ಲಿಯೇ ಉತ್ತರವಿದೆ. ಹಸಿದವನಿಗೆ ಅನ್ನ ಕೊಡುವುದೇ ದೇವರು ಮೆಚ್ಚುವ ಉಪವಾಸವೆಂದು ಪ್ರವಾದಿ ಯೆಶಾಯ ಹೇಳುತ್ತಾನೆ. ಉಪವಾಸ ಮಾಡುವಾಗ ಮುಖ ಬಾಡಿಸಿಕೊಂಡು ಜನರಿಗೆ ತೋರಿಸಬೇಡಿ ಎಂದು ಯೇಸು ಹೇಳುತ್ತಾರೆ. ಪ್ರಾರ್ಥನೆ, ಉಪವಾಸ, ದಾನ ಈ ಮೂರನ್ನೂ ಚರ್ಚು ಒಟ್ಟಿಗೆ ಹೇಳುವುದು ಇದೇ ಕಾರಣಕ್ಕೆ. ಒಂದು ಹೊತ್ತಿನ ಊಟ ಬಿಟ್ಟು ಉಳಿದ ಅಕ್ಕಿ ಅಥವಾ ಹಣ ಇನ್ನೊಬ್ಬನ ಮನೆ ಸೇರಿದರೆ 'ಒಪ್ಪೊತ್ತು' ಪೂರ್ಣವಾಗುತ್ತದೆ. ಭಾರತದ ಕ್ಯಾಥೋಲಿಕ ಸಭೆ ತಪಸ್ಸುಕಾಲದಲ್ಲಿ ಹಸಿವು ಮತ್ತು ರೋಗದ ವಿರುದ್ಧ ಹಣ ಸಂಗ್ರಹಿಸುವ ಅಭಿಯಾನವನ್ನು ನಡೆಸುವುದೂ ಈ ತತ್ತ್ವದ ಮೇಲೆಯೇ.

ತೋಟದ ಲೈನಿನಲ್ಲಿ ಬದುಕಿದ ಜನರಿಗೆ ಹಸಿವೆಂದರೆ ಏನೆಂದು ಯಾವ ಸಂಹಿತೆಯೂ ಕಲಿಸಬೇಕಾಗಿರಲಿಲ್ಲ. ತಿರುವಾಂಕೂರಿನಿಂದ ಅಕ್ಕಿಯಿಲ್ಲದೆ ಹೊರಟು ಬಂದವರಿಗೂ, ಘಟ್ಟ ಹತ್ತಿದವರ ಮೊಮ್ಮಕ್ಕಳಿಗೂ ಅದು ಕೇಳಿ ತಿಳಿದ ಕಥೆಯಾಗಿರಲಿಲ್ಲ. ಇಂಥ ಜನ ತಾವಾಗಿಯೇ ಒಂದು ಹೊತ್ತು ಬಿಟ್ಟರೆ ಅದರ ತೂಕ ಬೇರೆ. ಹೇರಿಕೆಯಿಂದ ಬಂದ ಹಸಿವು ಮನುಷ್ಯನನ್ನು ಕುಗ್ಗಿಸುತ್ತದೆ. ತಾನೇ ಆರಿಸಿಕೊಂಡ ಹಸಿವು ಅವನಿಗೆ ಅನ್ನದ ಬೆಲೆಯನ್ನು ನೆನಪಿಸುತ್ತದೆ.

ಲ್ಯಾಟಿನ್ ಪದ್ಧತಿಯ ಇಗರ್ಜಿಗಳಲ್ಲಿ ವಿಭೂತಿ ಬುಧವಾರದ ಬೂದಿಯನ್ನು ಹಿಂದಿನ ವರ್ಷದ ಗರಿಗಳ ಭಾನುವಾರ ಮಂತ್ರಿಸಿ ಹಂಚಿದ ಗರಿಗಳನ್ನು ಸುಟ್ಟು ಮಾಡುತ್ತಾರೆ. ಮೆರವಣಿಗೆಯಲ್ಲಿ ಹಿಡಿದು ಬಂದ ತೆಂಗಿನ ಗರಿಯನ್ನು ಜನ ಮನೆಯ ಶಿಲುಬೆಯ ಹಿಂದೆ ಸಿಕ್ಕಿಸಿಡುತ್ತಾರೆ. ಮಳೆಗಾಲದ ತೇವ, ಒಲೆಯ ಹೊಗೆ ತಾಗಿ ಅದು ಒಣಗಿ ಕಂದಾಗುತ್ತದೆ. ತಪಸ್ಸುಕಾಲ ಮತ್ತೆ ಬರುವ ಹೊತ್ತಿಗೆ ಮನೆಮನೆಗಳಿಂದ ಅವುಗಳನ್ನು ಒಟ್ಟುಮಾಡಿ ಸುಡುತ್ತಾರೆ. ಹಿಂದಿನ ವರ್ಷ ಕೈಯಲ್ಲಿದ್ದ ಹಸಿರು ಗರಿಯೇ ಈ ವರ್ಷ ಹಣೆಯ ಮೇಲಿನ ಬೂದಿ.